ಕಾಯುವವನು ಒಡೆಯನಲ್ಲ

(ಬಂಡೂರಿನಲ್ಲಿ ಗ್ರಾಮಸ್ಥರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)



ಬಂಡೂರು ಎಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ಕುರಿ. ಮಳವಳ್ಳಿ, ಮದ್ದೂರು, ಮಂಡ್ಯ ಸೀಮೆಯಲ್ಲಿ ಬೆಳೆದ ಆ ಗಿಡ್ಡ ಕಾಲಿನ, ದುಂಡು ಮೈಯ ತಳಿಗೆ ನಿಮ್ಮ ಊರಿನ ಹೆಸರೇ ನಿಂತಿದೆ. ಇವತ್ತು ನಾನು ಮಾತನಾಡಬೇಕಾದ ವಿಷಯ ಕಾನೂನಿನದು. ಅಪ್ರಾಪ್ತ ವಯಸ್ಸಿನ ಮಕ್ಕಳ, ಅಂದರೆ ನಾವು ನೀವು ಆಡುಮಾತಿನಲ್ಲಿ ಮೈನರು ಎನ್ನುವವರ, ಗಾರ್ಡಿಯನ್ನಿಗೆ ಏನು ಅಧಿಕಾರವಿದೆ, ಏನು ಹೊಣೆಯಿದೆ ಎಂಬ ವಿಷಯ. ಕೇಳಿದರೆ ಒಣ ವಿಷಯ ಎನಿಸಬಹುದು. ಆದರೆ ಕುರಿ ಸಾಕುವ ಊರಿನವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ ಎಂದು ನನ್ನ ನಂಬಿಕೆ.

ಒಬ್ಬರ ಕುರಿಯನ್ನು ಇನ್ನೊಬ್ಬರು ಪಾಲಿಗೆ ಸಾಕುವುದು ನಮ್ಮ ಕಡೆ ಹೊಸದಲ್ಲ. ಸಾಕುವವನು ಕುರಿಯನ್ನು ಮೇಯಿಸುತ್ತಾನೆ, ರೋಗ ಬಂದರೆ ಔಷಧಿ ಹಾಕಿಸುತ್ತಾನೆ, ರಾತ್ರಿ ಹಟ್ಟಿ ಕಾಯುತ್ತಾನೆ. ಮಂದೆಯ ಮೇಲೆ ಅವನಿಗೆ ಎಲ್ಲ ಅಧಿಕಾರವೂ ಇದ್ದಂತೆ ಕಾಣುತ್ತದೆ. ಆದರೆ ಒಡೆಯನನ್ನು ಕೇಳದೆ ತಾಯಿಕುರಿಯನ್ನು ಸಂತೆಗೆ ಹೊಡೆದರೆ ಊರು ಸುಮ್ಮನಿರುವುದಿಲ್ಲ. ಗಾರ್ಡಿಯನ್ನಿನ ಸ್ಥಾನವೂ ಹೀಗೆಯೇ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಪಾಲಿಗೆ ಸಾಕುವವನಿಗೆ ಮರಿಯಲ್ಲಿ ಪಾಲುಂಟು. ಗಾರ್ಡಿಯನ್ನಿಗೆ ಮೈನರಿನ ಆಸ್ತಿಯಲ್ಲಿ ಪಾಲಿಲ್ಲ. ಇನ್ನೊಂದು ತೊಡಕೆಂದರೆ, ಕುರಿಯ ಒಡೆಯ ಬಂದು ಲೆಕ್ಕ ಕೇಳಬಲ್ಲ. ಇಲ್ಲಿ ಒಡೆಯ ಎಂಟು ವರ್ಷದ ಹುಡುಗ, ಹತ್ತು ವರ್ಷದ ಹುಡುಗಿ. ಕೇಳುವ ಬಾಯಿ ಇನ್ನೂ ಬಂದಿಲ್ಲ. ಆ ಬಾಯಿ ಬರುವವರೆಗೆ ಅದರ ಪರವಾಗಿ ಕಾನೂನು ಕೇಳುತ್ತದೆ. ಇಷ್ಟೇ ಈ ವಿಷಯದ ತಿರುಳು.

ದೊರೆಯೇ ಮೈನರಾಗಿದ್ದಾಗ

ಸ್ವಲ್ಪ ಹಿಂದಕ್ಕೆ ಹೋಗೋಣ. ಮೈಸೂರಿನ ಸಿಂಹಾಸನದ ಮೇಲೆ ಹತ್ತೊಂಬತ್ತನೆಯ ಶತಮಾನದ ಆಸುಪಾಸಿನಲ್ಲಿ ಮೂರು ಸಲ ಮಕ್ಕಳು ಕುಳಿತಿದ್ದರು. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಮೇಲೆ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಇನ್ನೂ ಐದು ತುಂಬಿರಲಿಲ್ಲ. ಅರಮನೆಯಲ್ಲಿ ರಾಣಿ ಲಕ್ಷ್ಮಮ್ಮಣ್ಣಿಯವರು ಹಿರಿಯರಾಗಿದ್ದರು. ರಾಜ್ಯದ ಆಡಳಿತವನ್ನು ದಿವಾನ್ ಪೂರ್ಣಯ್ಯನವರು 1811ರವರೆಗೆ ನಡೆಸಿದರು. 1868ರಲ್ಲಿ ಮುಮ್ಮಡಿಯವರು ತೀರಿಕೊಂಡಾಗ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಐದು ವರ್ಷ. ಆಗ ರಾಜ್ಯ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಹುಡುಗನಿಗೆ ಹದಿನೆಂಟು ತುಂಬಿದ ಮೇಲೆ, 1881ರ ಮಾರ್ಚಿಯಲ್ಲಿ, ರಾಜ್ಯವನ್ನು ಅವರಿಗೆ ಒಪ್ಪಿಸಲಾಯಿತು.

ಮೂರನೆಯದು ನಿಮ್ಮ ತಾಲ್ಲೂಕಿಗೇ ಸಂಬಂಧಪಟ್ಟದ್ದು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು. ಹಿರಿಯ ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಗ ಹತ್ತು ವರ್ಷ. ತಾಯಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾದರು. 1895ರಿಂದ 1902ರವರೆಗೆ, ದಿವಾನರ ಮತ್ತು ಮಂತ್ರಾಲೋಚನಾ ಸಭೆಯ ನೆರವಿನಿಂದ, ಮಗನ ಹೆಸರಿನಲ್ಲಿ ರಾಜ್ಯ ನಡೆಸಿದರು. ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಶುರುವಾದದ್ದು ಆ ಕಾಲದಲ್ಲಿ. ಅದಕ್ಕೆ ವಾಣಿವಿಲಾಸ ಸಾಗರ ಎಂಬ ಹೆಸರು ಬಂದದ್ದು ಅವರಿಂದ. ಇಲ್ಲಿಗೆ ಹತ್ತಿರದ ಶಿವನಸಮುದ್ರದಲ್ಲಿ, ನೀವೆಲ್ಲ ಬ್ಲಫ್ ಎಂದು ಕರೆಯುವ ಜಾಗದಲ್ಲಿ, ಕಾವೇರಿಯ ನೀರಿನಿಂದ ವಿದ್ಯುತ್ ತೆಗೆಯುವ ಕಾರ್ಯ ನಡೆದದ್ದೂ ಆಗಲೇ. 1902ರ ಜೂನ್ ತಿಂಗಳಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅದೇ ಆಗಸ್ಟಿನಲ್ಲಿ, ಹದಿನೆಂಟು ತುಂಬಿದ ಮಗನಿಗೆ ತಾಯಿ ರಾಜ್ಯವನ್ನು ಒಪ್ಪಿಸಿದರು.

ರಾಜ್ಯದ ರೀಜೆಂಟರ ಸ್ಥಾನವೂ ಮನೆಯ ಗಾರ್ಡಿಯನ್ನಿನ ಸ್ಥಾನವೂ ಕಾನೂನಿನಲ್ಲಿ ಒಂದೇ ಅಲ್ಲ. ಆದರೆ ಧರ್ಮ ಒಂದೇ. ಬೇರೊಬ್ಬರ ಸ್ವತ್ತನ್ನು ಕೈಗೆ ತೆಗೆದುಕೊಳ್ಳುವುದು, ಅದನ್ನು ಹಾಳುಮಾಡದೆ ಸಾಧ್ಯವಾದರೆ ಬೆಳೆಸುವುದು, ದಿನ ಬಂದಾಗ ಲೆಕ್ಕಸಹಿತ ಒಪ್ಪಿಸಿ ಪಕ್ಕಕ್ಕೆ ಸರಿಯುವುದು. ಮಹಾರಾಣಿಯವರು ರಾಜ್ಯಕ್ಕೆ ಮಾಡಿದ್ದನ್ನು ಮೂರೆಕರೆ ಹೊಲಕ್ಕೆ ಮಾಡು ಎಂದು ಕಾನೂನು ಪ್ರತಿಯೊಬ್ಬ ಗಾರ್ಡಿಯನ್ನಿಗೂ ಹೇಳುತ್ತದೆ.

ಗಾರ್ಡಿಯನ್ ಯಾರು?

1875ರ ಪ್ರಾಪ್ತವಯಸ್ಸಿನ ಕಾಯಿದೆಯಂತೆ ಹದಿನೆಂಟು ತುಂಬುವವರೆಗೆ ಮೈನರು. ನ್ಯಾಯಾಲಯವೇ ಗಾರ್ಡಿಯನ್ ನೇಮಿಸಿದ್ದರೆ ಮೊದಲು ಇಪ್ಪತ್ತೊಂದು ತುಂಬಬೇಕಿತ್ತು. 1999ರ ತಿದ್ದುಪಡಿಯ ನಂತರ ಎಲ್ಲರಿಗೂ ಹದಿನೆಂಟೇ. ಮೈನರು ಮಾಡಿಕೊಂಡ ಕರಾರಿಗೆ ಬೆಲೆಯಿಲ್ಲ ಎಂದು 1903ರಲ್ಲೇ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಆದ್ದರಿಂದ ಅವರ ಪರವಾಗಿ ಯಾರಾದರೂ ದೊಡ್ಡವರು ಬೇಕಾಗುತ್ತಾರೆ.

ಹಿಂದೂ ಕುಟುಂಬಗಳಿಗೆ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆ ಅನ್ವಯಿಸುತ್ತದೆ. ಎಲ್ಲ ಧರ್ಮದವರಿಗೂ, ನ್ಯಾಯಾಲಯದ ಮೂಲಕ ಗಾರ್ಡಿಯನ್ ನೇಮಕವಾಗಬೇಕಾದರೆ, 1890ರ ಪಾಲಕರ ಮತ್ತು ಪಾಲ್ಯರ ಕಾಯಿದೆ ಇದೆ. ಗಾರ್ಡಿಯನ್ ಮುಖ್ಯವಾಗಿ ಮೂರು ಬಗೆ. ಒಂದು, ಸಹಜ ಪಾಲಕರು, ಅಂದರೆ ತಂದೆ ತಾಯಿ. ಎರಡು, ಅವರು ಉಯಿಲಿನಲ್ಲಿ ಹೆಸರಿಸಿದವರು. ಮೂರು, ನ್ಯಾಯಾಲಯ ನೇಮಿಸಿದವರು. ತಂದೆ ಉಯಿಲಿನಲ್ಲಿ ಬೇರೆ ಯಾರನ್ನೋ ಹೆಸರಿಸಿದ್ದರೂ ತಾಯಿ ಬದುಕಿರುವವರೆಗೆ ಆ ಹೆಸರಿಗೆ ಬಲವಿಲ್ಲ ಎಂಬುದನ್ನು ಇಲ್ಲಿರುವ ತಾಯಂದಿರು ನೆನಪಿಡಬೇಕು.

ಈ ಪಟ್ಟಿಯಲ್ಲಿ ಯಾರು ಇಲ್ಲ ಎಂಬುದನ್ನು ಗಮನಿಸಿ. ದೊಡ್ಡಪ್ಪ ಇಲ್ಲ, ಚಿಕ್ಕಪ್ಪ ಇಲ್ಲ. ತಾತ ಇಲ್ಲ, ಸೋದರಮಾವ ಇಲ್ಲ, ಅಣ್ಣ ಅಕ್ಕಂದಿರಿಲ್ಲ. ಮಲತಂದೆ, ಮಲತಾಯಿ ಸೇರುವುದಿಲ್ಲವೆಂದು ಕಾಯಿದೆಯೇ ಬಿಡಿಸಿ ಹೇಳಿದೆ. ಇವರೆಲ್ಲ ಮಗುವನ್ನು ಎಷ್ಟೇ ಪ್ರೀತಿಯಿಂದ ಸಾಕಿರಲಿ, ನ್ಯಾಯಾಲಯದ ನೇಮಕವಿಲ್ಲದೆ ಆ ಮಗುವಿನ ಆಸ್ತಿಯ ಮೇಲೆ ಕೈ ಇಡುವ ಅಧಿಕಾರ ಅವರಿಗಿಲ್ಲ. ಊರುಗಳಲ್ಲಿ ಅತಿ ಹೆಚ್ಚು ತಪ್ಪಾಗುವುದು ಈ ಒಂದು ಜಾಗದಲ್ಲಿ. 'ಮನೆಗೆ ಹಿರಿಯ ನಾನೇ ತಾನೆ' ಎಂದು ದೊಡ್ಡಪ್ಪ ರುಜು ಹಾಕುತ್ತಾರೆ; ಕೊಳ್ಳುವವನು ನಂಬುತ್ತಾನೆ; ಪತ್ರ ರಿಜಿಸ್ಟರ್ ಆಗುತ್ತದೆ. ರಿಜಿಸ್ಟರ್ ಆದ ಮಾತ್ರಕ್ಕೆ ಇಲ್ಲದ ಅಧಿಕಾರ ಹುಟ್ಟುವುದಿಲ್ಲ.

ಮುಸ್ಲಿಂ ಕುಟುಂಬಗಳಲ್ಲಿ ನಿಯಮ ಬೇರೆ. ಚಿಕ್ಕ ಮಕ್ಕಳನ್ನು ಸಾಕುವ ಹಕ್ಕು ತಾಯಿಗಿದ್ದರೂ ಆಸ್ತಿಯ ಮಟ್ಟಿಗೆ ತಂದೆ, ಆತ ಉಯಿಲಿನಲ್ಲಿ ನೇಮಿಸಿದವರು, ತಂದೆಯ ತಂದೆ ಎಂಬ ಕ್ರಮವಿದೆ. ಅವರಾರೂ ಇಲ್ಲದಾಗ ತಾಯಿಯೇ ನ್ಯಾಯಾಲಯಕ್ಕೆ ಹೋಗಿ ನೇಮಕ ಪಡೆಯಬೇಕು.

'ತಂದೆಯ ನಂತರ' ಎಂಬ ಮಾತು

1956ರ ಕಾಯಿದೆಯ ಆರನೆಯ ಕಲಮು ಹೇಳುವುದು: ಸಹಜ ಪಾಲಕ ತಂದೆ, ಅವನ ನಂತರ ತಾಯಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದೂ ಅಲ್ಲಿಯೇ ಇದೆ. ಈ 'ನಂತರ' ಎಂಬ ಒಂದು ಪದದಿಂದ ಎಷ್ಟೋ ತಾಯಂದಿರು ಕಷ್ಟಪಟ್ಟರು. ಗಂಡ ಊರುಬಿಟ್ಟು ಹೋಗಿರುತ್ತಾನೆ, ಮಕ್ಕಳ ಮುಖ ನೋಡುವುದಿಲ್ಲ. ಆದರೂ ಎಲ್ಲಿ ಹೋದರೂ 'ತಂದೆಯ ರುಜು ತನ್ನಿ' ಎಂಬ ಉತ್ತರ.

ಈ ಪದವನ್ನು ನ್ಯಾಯಾಲಯಕ್ಕೆ ಎಳೆದವರು ಲೇಖಕಿ ಗೀತಾ ಹರಿಹರನ್. 1984ರಲ್ಲಿ ಅವರು ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡುಗಳಿಗೆ ಅರ್ಜಿ ಹಾಕಿದರು. ಗಾರ್ಡಿಯನ್ ಎಂದು ತಾಯಿಯೇ ರುಜು ಮಾಡುವುದಕ್ಕೆ ಗಂಡನ ಒಪ್ಪಿಗೆಯೂ ಇತ್ತು. ತಂದೆಯ ರುಜು ಬೇಕೆಂದು ಅರ್ಜಿ ಹಿಂತಿರುಗಿತು. 1999ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕಲಮನ್ನು ರದ್ದುಮಾಡಲಿಲ್ಲ, ಅದರ ಅರ್ಥವನ್ನು ತಿದ್ದಿತು. 'ಅವನ ನಂತರ' ಎಂದರೆ ಅವನು ಸತ್ತ ನಂತರ ಎಂದಷ್ಟೇ ಓದಬಾರದು, ಅವನ ಗೈರುಹಾಜರಿಯಲ್ಲಿ ಎಂದು ಓದಬೇಕು. ತಂದೆ ಮಗುವಿನ ಬಗ್ಗೆ ನಿರ್ಲಕ್ಷ್ಯದಿಂದಿದ್ದರೆ, ದೂರದಲ್ಲಿದ್ದರೆ, ಕಾಯಿಲೆಯಿಂದ ಕೆಲಸಕ್ಕೆ ಬಾರದವನಾಗಿದ್ದರೆ, ಅಥವಾ ಇಬ್ಬರೂ ಹಾಗೆ ಒಪ್ಪಿಕೊಂಡಿದ್ದರೆ, ಅವನು ಬದುಕಿದ್ದಾಗಲೂ ತಾಯಿಯೇ ಪಾಲಕಿ. 2015ರಲ್ಲಿ ಅದೇ ನ್ಯಾಯಾಲಯ ಮತ್ತೊಂದು ಹೆಜ್ಜೆ ಇಟ್ಟಿತು. ಮದುವೆಯಾಗದ ತಾಯಿ ತನ್ನ ಮಗುವಿಗೆ ಗಾರ್ಡಿಯನ್ ಆಗಲು ಅರ್ಜಿ ಹಾಕಿದರೆ ತಂದೆಗೆ ನೋಟಿಸ್ ಕೊಡಲೇಬೇಕೆಂದಿಲ್ಲ ಎಂದಿತು. ಒಬ್ಬ ತಾಯಿಗೆ 1895ರಲ್ಲಿ ಇಡೀ ರಾಜ್ಯವನ್ನೇ ಒಪ್ಪಿಸಿದ ನಾಡು ನಮ್ಮದು. ಸಾಮಾನ್ಯ ತಾಯಿಯ ರುಜುವಿಗೆ ಬೆಲೆ ಬರಲು ಮತ್ತೆ ನೂರು ವರ್ಷ ಹಿಡಿಯಿತು.

ಮೂರೆಕರೆಯ ಸಂಸಾರ

ಈಗ ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಯಾರ ಮನೆಯದೂ ಅಲ್ಲ, ಎಲ್ಲ ಊರಿನಲ್ಲೂ ಇರಬಹುದಾದದ್ದು. ಗಂಡ ತೀರಿಕೊಂಡಿದ್ದಾನೆ. ಹೆಂಡತಿ, ಹನ್ನೆರಡು ವರ್ಷದ ಮಗಳು, ಎಂಟು ವರ್ಷದ ಮಗ. ಗಂಡ ಸ್ವಂತ ದುಡಿಮೆಯಿಂದ ಕೊಂಡ ಮೂರೆಕರೆ ಜಮೀನು, ಇಪ್ಪತ್ತು ಬಂಡೂರು ಕುರಿ, ಸ್ವಲ್ಪ ಸಾಲ. ಉಯಿಲು ಬರೆದಿಲ್ಲ. ಗಂಡನ ತಾಯಿಯೂ ಬದುಕಿಲ್ಲ. ಕಾನೂನಿನಂತೆ ಹೆಂಡತಿಗೆ, ಮಗಳಿಗೆ, ಮಗನಿಗೆ ಸಮಪಾಲು. ಅಂದರೆ ತಲೆಗೊಂದು ಎಕರೆ. ಅಜ್ಜಿ ಬದುಕಿದ್ದರೆ ಆಕೆಗೂ ಸಮಪಾಲು ಸಿಕ್ಕಿ ನಾಲ್ಕು ಪಾಲಾಗುತ್ತಿತ್ತು.

ಸಾಲಗಾರ ಮನೆ ಬಾಗಿಲಿಗೆ ಬರುತ್ತಾನೆ. ಭಾವ ಹೇಳುತ್ತಾರೆ: "ನೋಡವ್ವ, ಎರಡು ಎಕರೆ ಮಾರಿಬಿಡೋಣ. ಮಕ್ಕಳ ಪರವಾಗಿ ನೀನೇ ರುಜು ಹಾಕು, ಸಾಕು." ಇಲ್ಲಿ ಕಾನೂನು ಏನು ಹೇಳುತ್ತದೆ?

ತಾಯಿ ತನ್ನ ಒಂದು ಎಕರೆಯನ್ನು ಮಾರಬಹುದು. ಯಾರ ಅನುಮತಿಯೂ ಬೇಡ. ಮಕ್ಕಳ ಎರಡು ಎಕರೆಗೆ ಹಾಗಿಲ್ಲ. ಎಂಟನೆಯ ಕಲಮಿನಂತೆ ಸಹಜ ಪಾಲಕರು ನ್ಯಾಯಾಲಯದ ಪೂರ್ವಾನುಮತಿ ಇಲ್ಲದೆ ಮೈನರಿನ ಸ್ಥಿರಾಸ್ತಿಯನ್ನು ಮಾರುವಂತಿಲ್ಲ, ಅಡಮಾನ ಇಡುವಂತಿಲ್ಲ, ದಾನ ಕೊಡುವಂತಿಲ್ಲ, ಅದಲುಬದಲು ಮಾಡುವಂತಿಲ್ಲ, ಬೇರೆ ಯಾವ ರೀತಿಯಲ್ಲೂ ಪರಭಾರೆ ಮಾಡುವಂತಿಲ್ಲ. ಗುತ್ತಿಗೆಗೆ ಕೊಡುವುದಾದರೂ ಐದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ, ಅಥವಾ ಮಗು ಮೇಜರಾದ ಮೇಲೆ ಒಂದು ವರ್ಷಕ್ಕಿಂತ ಆಚೆಗೆ ಹೋಗುವಂತೆ, ಕೊಡುವಂತಿಲ್ಲ. ಮಗಳ ಪರವಾಗಿ ತಾಯಿ 'ಹಕ್ಕು ಬಿಡುಗಡೆ ಪತ್ರ' ಬರೆದುಕೊಡುವುದೂ ಪರಭಾರೆಯೇ. ಮೈನರಿನ ಹೆಸರಿನಲ್ಲಿ ಪ್ರಾಮಿಸರಿ ನೋಟು ಬರೆದು ಸಾಲ ಎತ್ತಿದರೆ ಆ ಸಾಲ ಮಗುವನ್ನು ಸ್ವಂತ ಹೊಣೆಗಾರನಾಗಿ ಮಾಡುವುದಿಲ್ಲ.

ಕುರಿಗಳ ಮಾತು ಬೇರೆ. ಅವು ಚರಾಸ್ತಿ. ಅವುಗಳಿಗೆ ಈ ಪೂರ್ವಾನುಮತಿಯ ಕಟ್ಟಿಲ್ಲ. ಆದರೆ ಒಂದು ಅಳತೆಗೋಲಿದೆ. ಗಾರ್ಡಿಯನ್ ಮಾಡುವುದೆಲ್ಲ ಮಗುವಿನ ಹಿತಕ್ಕೆ ಅಗತ್ಯವೂ ಯುಕ್ತವೂ ಆಗಿರಬೇಕು. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ಸ್ವತ್ತನ್ನು ಎಷ್ಟು ಎಚ್ಚರದಿಂದ ನೋಡಿಕೊಳ್ಳುತ್ತಾನೋ ಅಷ್ಟೇ ಎಚ್ಚರ ಇರಬೇಕೆಂದು 1890ರ ಕಾಯಿದೆ ಹೇಳುತ್ತದೆ. ಹೊಸತೊಡಕಿಗೆ ಮುಂಚೆ, ಬೆಲೆ ಏರಿದಾಗ, ಕೊಬ್ಬಿದ ಟಗರುಗಳನ್ನು ಮಾರಿ ಮಕ್ಕಳ ಶಾಲೆಗೆ ಖರ್ಚು ಮಾಡುವುದು ವಿವೇಕ. ಗಬ್ಬದ ಕುರಿಗಳನ್ನೆಲ್ಲ ಒಂದೇ ಸಲ ಮಾರಿ ಮೈದುನನ ಮದುವೆಗೆ ಕೊಡುವುದು ವಿವೇಕವಲ್ಲ. ಇದನ್ನು ನಿಮಗೆ ಹೇಳಿಕೊಡಲು ವಕೀಲರು ಬೇಕಾಗಿಲ್ಲ.

ಅನುಮತಿ ಪಡೆಯುವ ಬಗೆ

ಜಮೀನು ಮಾರಲೇಬೇಕಾದ ಸಂದರ್ಭ ಬಂದೇ ಬರುತ್ತದೆ. ಮಗನಿಗೆ ಹೃದಯದ ಶಸ್ತ್ರಚಿಕಿತ್ಸೆ ಇರಬಹುದು, ಮಗಳ ಓದಿಗೆ ಹಣ ಬೇಕಿರಬಹುದು, ಜಮೀನಿನ ಮೇಲೆಯೇ ಇರುವ ಸಾಲ ಬಡ್ಡಿಗೆ ಬಡ್ಡಿ ಬೆಳೆಯುತ್ತಿರಬಹುದು. ಕಾನೂನು ಮಾರಲೇಬೇಡ ಎನ್ನುವುದಿಲ್ಲ. ಕೇಳಿ ಮಾರು ಎನ್ನುತ್ತದೆ. ಆಸ್ತಿ ಇರುವ ಪ್ರದೇಶದ ಜಿಲ್ಲಾ ನ್ಯಾಯಾಲಯಕ್ಕೆ, ಅಥವಾ ಈ ಅಧಿಕಾರ ಪಡೆದ ಕೆಳಗಿನ ನ್ಯಾಯಾಲಯಕ್ಕೆ, ಅರ್ಜಿ ಸಲ್ಲಿಸಬೇಕು. ಸರ್ವೆ ನಂಬರು, ವಿಸ್ತೀರ್ಣ, ಮಾರುವ ಕಾರಣ, ಬರುವ ಹಣವನ್ನು ಏನು ಮಾಡುವಿರಿ ಎಂಬುದನ್ನೆಲ್ಲ ಹೇಳಬೇಕು. ಅನುಮತಿಗೆ ಆಧಾರ ಎರಡೇ: ಅಗತ್ಯ, ಇಲ್ಲವೇ ಮೈನರಿಗೆ ಎದ್ದು ಕಾಣುವ ಪ್ರಯೋಜನ. ಅನುಮತಿ ಕೊಡುವಾಗ ನ್ಯಾಯಾಲಯ ಷರತ್ತು ಹಾಕಬಹುದು. ಮಗುವಿನ ಪಾಲಿನ ಹಣವನ್ನು ಹದಿನೆಂಟು ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿ ಎನ್ನುವುದು ಸಾಮಾನ್ಯ ಷರತ್ತು.

ಅಲೆದಾಟ, ಖರ್ಚು ಇದೆ ಎಂದು ಜನ ಇದನ್ನು ತಪ್ಪಿಸುತ್ತಾರೆ. ತಪ್ಪಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಎರಡು ಪ್ರಕರಣಗಳನ್ನು ಹೇಳುತ್ತೇನೆ. ಖಾಸಗಿ ಕುಟುಂಬಗಳಾದ್ದರಿಂದ ಹೆಸರು ಬೇಡ.

ಎರಡು ಮಾರಾಟಗಳ ಕಥೆ

ಮೊದಲನೆಯದು ದಾವಣಗೆರೆಯ ಬಳಿಯ ಶಾಮನೂರಿನದು. 1971ರಲ್ಲಿ ಒಬ್ಬ ತಂದೆ ತನ್ನ ಮೂವರು ಮೈನರು ಗಂಡುಮಕ್ಕಳ ಹೆಸರಿನಲ್ಲಿ ಎರಡು ನಿವೇಶನ ಕೊಂಡರು. ಮುಂದೆ ನ್ಯಾಯಾಲಯದ ಅನುಮತಿ ಇಲ್ಲದೆ ಅವರೇ ಅವನ್ನು ಬೇರೆಯವರಿಗೆ ಮಾರಿದರು. ಕೊಂಡವರು ಮತ್ತೊಬ್ಬರಿಗೆ ಮಾರಿದರು. ಮಕ್ಕಳು ದೊಡ್ಡವರಾದ ಮೇಲೆ, ತಂದೆಯ ಮಾರಾಟವನ್ನು ರದ್ದುಮಾಡಿ ಎಂದು ದಾವೆ ಹೂಡದೆ, ನಿವೇಶನಗಳು ತಮ್ಮವೇ ಎಂದು ಇನ್ನೊಬ್ಬರಿಗೆ ಕ್ರಯಪತ್ರ ಬರೆದುಕೊಟ್ಟರು. ಒಂದೇ ನಿವೇಶನಕ್ಕೆ ಇಬ್ಬರು ಮಾಲೀಕರು! ರದ್ದತಿಗೆ ದಾವೆ ಹೂಡಲಿಲ್ಲವಾದ್ದರಿಂದ ತಂದೆಯ ಮಾರಾಟವೇ ನಿಲ್ಲುತ್ತದೆ ಎಂದು ಹೈಕೋರ್ಟು ಹೇಳಿತು. ಸುಪ್ರೀಂ ಕೋರ್ಟು 2025ರ ಅಕ್ಟೋಬರಿನಲ್ಲಿ ಅದನ್ನು ತಿರುಗಿಸಿತು. ಮೈನರಾಗಿದ್ದವರು ಮೇಜರಾದ ಮೇಲೆ, ಕಾಲಮಿತಿಯೊಳಗೆ, ತಮ್ಮ ಸ್ಪಷ್ಟ ನಡವಳಿಕೆಯಿಂದಲೂ ಹಳೆಯ ಮಾರಾಟವನ್ನು ತಿರಸ್ಕರಿಸಬಹುದು. ಅದೇ ಸ್ವತ್ತನ್ನು ತಾವೇ ಮಾರುವುದು ಅಂಥ ನಡವಳಿಕೆ. ಪ್ರತಿಯೊಂದು ಸಂದರ್ಭದಲ್ಲೂ ದಾವೆ ಹೂಡಲೇಬೇಕೆಂದಿಲ್ಲ ಎಂದಿತು. 1971ರಲ್ಲಿ ಕೊಂಡ ನಿವೇಶನದ ವ್ಯಾಜ್ಯ ಮುಗಿಯುವ ಹೊತ್ತಿಗೆ ಐವತ್ತನಾಲ್ಕು ವರ್ಷ ಕಳೆದಿತ್ತು.

ಎರಡನೆಯದರಲ್ಲಿ 2001ರಲ್ಲಿ ತೀರ್ಪಾಯಿತು. ತಂದೆ ತೀರಿಕೊಂಡ ಮೇಲೆ ಒಡಹುಟ್ಟಿದವಳೊಬ್ಬಳು ತನ್ನ ಪಾಲಿನ ಜೊತೆಗೆ ಮೈನರಾಗಿದ್ದ ಸೋದರಿಯ ಪಾಲನ್ನೂ ಗಾರ್ಡಿಯನ್ ಎಂದು ರುಜು ಹಾಕಿ ಮಾರಿದ್ದಳು. ಸೋದರಿ ಸಹಜ ಪಾಲಕಿಯಲ್ಲ; ನ್ಯಾಯಾಲಯ ನೇಮಿಸಿದವಳೂ ಅಲ್ಲ. ಹನ್ನೊಂದನೆಯ ಕಲಮಿನಂತೆ, ಬರಿಯ ವಾಸ್ತವದಲ್ಲಿ ನೋಡಿಕೊಳ್ಳುತ್ತಿದ್ದಾರೆ ಎಂಬ ಕಾರಣಕ್ಕೆ ಯಾರಿಗೂ ಮೈನರಿನ ಆಸ್ತಿಯನ್ನು ವಿಲೇವಾರಿ ಮಾಡುವ ಹಕ್ಕು ಬರುವುದಿಲ್ಲ. ಆದ್ದರಿಂದ ಮೈನರಿನ ಪಾಲಿನ ಮಟ್ಟಿಗೆ ಆ ಮಾರಾಟ ಮೊದಲಿನಿಂದಲೇ ಇಲ್ಲದ್ದು ಎಂದು ಸುಪ್ರೀಂ ಕೋರ್ಟು ಹೇಳಿತು.

ಈ ಎರಡರ ವ್ಯತ್ಯಾಸವನ್ನು ದಯವಿಟ್ಟು ಗಮನಿಸಿ. ತಂದೆ ಅಥವಾ ತಾಯಿ ಅನುಮತಿಯಿಲ್ಲದೆ ಮಾರಿದರೆ ಆ ಪತ್ರ ಕೂಡಲೇ ಸಾಯುವುದಿಲ್ಲ. ಮಗು ದೊಡ್ಡದಾಗಿ 'ನನಗೆ ಒಪ್ಪಿಗೆಯಿಲ್ಲ' ಎಂದರೆ ಬಿದ್ದುಹೋಗುತ್ತದೆ. ಹಾಗೆನ್ನದೆ ಕಾಲ ಕಳೆದರೆ ನಿಂತುಬಿಡುತ್ತದೆ. ಆ ಕಾಲ ಹದಿನೆಂಟು ತುಂಬಿದ ಮೇಲೆ ಮೂರು ವರ್ಷ. ಅಂದರೆ ಇಪ್ಪತ್ತೊಂದು ತುಂಬುವುದರೊಳಗೆ. ದೊಡ್ಡಪ್ಪ, ಅಕ್ಕ, ಮಾವ ಮುಂತಾದವರು ಮಾರಿದರೆ ಆ ಪತ್ರ ಹುಟ್ಟುವಾಗಲೇ ಸತ್ತ ಪತ್ರ. ರದ್ದುಮಾಡಲು ಅಲ್ಲಿ ಏನೂ ಇಲ್ಲ.

ಇಲ್ಲಿರುವ ಯುವಕ ಯುವತಿಯರಿಗೆ ಒಂದು ಮಾತು. ಹದಿನೆಂಟು ತುಂಬಿದಾಗ ಓಟಿನ ಚೀಟಿ ಮಾಡಿಸುತ್ತೀರಿ, ಗಾಡಿ ಓಡಿಸುವ ಲೈಸೆನ್ಸ್ ಮಾಡಿಸುತ್ತೀರಿ. ಅದೇ ವಾರದಲ್ಲಿ ನಿಮ್ಮ ಹೆಸರಿಗೆ ಬರಬೇಕಾಗಿದ್ದ ಜಮೀನಿನ ಪಹಣಿ, ಖಾತೆ, ಹಳೆಯ ಕ್ರಯಪತ್ರಗಳನ್ನೂ ಒಮ್ಮೆ ತೆಗೆದು ನೋಡಿ. ಮೂರು ವರ್ಷ ಎಂಬುದು ದೊಡ್ಡ ಕಾಲವಲ್ಲ. ಕಾಲೇಜು, ಕೆಲಸ, ಬೆಂಗಳೂರು ಎನ್ನುವುದರೊಳಗೆ ಕಳೆದುಹೋಗಿರುತ್ತದೆ.

ಕೊಳ್ಳುವವರಿಗೂ ಒಂದು ಮಾತು. ಕ್ರಯಪತ್ರದಲ್ಲಿ 'ಮೈನರು ಗಾರ್ಡಿಯನ್' ಎಂಬ ಪದ ಕಂಡರೆ ಅಲ್ಲಿಯೇ ನಿಲ್ಲಿ. ಗಾರ್ಡಿಯನ್ ಯಾರು, ನ್ಯಾಯಾಲಯದ ಆದೇಶ ಎಲ್ಲಿ ಎಂದು ಕೇಳಿ. ಕಡಮೆ ಬೆಲೆಗೆ ಸಿಕ್ಕಿತೆಂದು ಕೊಂಡ ಜಮೀನಿನಲ್ಲಿ ಬಾವಿ ತೋಡಿಸಿ, ತೆಂಗು ಹಾಕಿ, ಮನೆ ಕಟ್ಟಿ, ಹತ್ತು ಹದಿನೈದು ವರ್ಷದ ಮೇಲೆ ಬಿಟ್ಟುಕೊಡುವ ಸ್ಥಿತಿ ಯಾರಿಗೂ ಬೇಡ. ಅಂಥ ಜಗಳದಲ್ಲಿ ಮೈನರಿಗೂ ನೋವು, ಕೊಂಡ ಬಡವನಿಗೂ ನೋವು. ಮಾರಿದವರು ಮಾತ್ರ ಆ ಹೊತ್ತಿಗೆ ಇರುವುದಿಲ್ಲ, ಹಣವೂ ಇರುವುದಿಲ್ಲ.

ಅವಿಭಕ್ತ ಕುಟುಂಬದ ಮಾತು

ನಿಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದೆ ಎಂದು ಬಲ್ಲೆ. ಪಿತ್ರಾರ್ಜಿತ ಜಮೀನು ಇನ್ನೂ ಒಟ್ಟಿಗೇ ಇದೆ, ಪಾಲಾಗಿಲ್ಲ, ಆಗ ಏನು? ಅಂಥ ಅವಿಭಕ್ತ ಆಸ್ತಿಯಲ್ಲಿ ಮೈನರಿಗೆ ಇರುವ ಬಿಡಿಸದ ಪಾಲಿಗೆ ಎಂಟನೆಯ ಕಲಮಿನ ಪೂರ್ವಾನುಮತಿ ಅನ್ವಯಿಸುವುದಿಲ್ಲ ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಲ್ಲಿ ಮನೆಯ ಯಜಮಾನನಿಗೆ ಹಳೆಯ ಧರ್ಮಶಾಸ್ತ್ರದ ಅಧಿಕಾರವೇ ಇದೆ. ಆದರೆ ಅದೂ ಕಟ್ಟಿಲ್ಲದ ಅಧಿಕಾರವಲ್ಲ. ಕುಟುಂಬದ ನಿಜವಾದ ಅಗತ್ಯಕ್ಕೆ, ಇಲ್ಲವೇ ಆಸ್ತಿಯ ಹಿತಕ್ಕೆ ಮಾತ್ರ ಮಾರಬಹುದು. ಇಸ್ಪೀಟಿಗೂ ಚುನಾವಣೆಗೂ ಮಾರಿದರೆ ಮಕ್ಕಳು ಪ್ರಶ್ನಿಸಬಹುದು. ಪಾಲು ಮಾಡುವಾಗ ಮೈನರಿಗೆ ಕಲ್ಲುಗುಡ್ಡೆ ಕೊಟ್ಟು, ಕಾಲುವೆ ನೀರಿನ ಗದ್ದೆಯನ್ನು ದೊಡ್ಡವರು ಇಟ್ಟುಕೊಂಡಿದ್ದರೆ, ಅಂಥ ಅನ್ಯಾಯದ ವಿಭಾಗವನ್ನು ನ್ಯಾಯಾಲಯ ಮತ್ತೆ ತೆರೆಯಬಲ್ಲದು.

ಹೆಣ್ಣುಮಕ್ಕಳನ್ನು ಈ ಲೆಕ್ಕದಿಂದ ಬಿಡುವಂತಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು ಎಂಬ ಕಾನೂನು ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಜಾರಿಗೆ ಬಂತು. ದೇಶಕ್ಕೆ ಬಂದದ್ದು 2005ರಲ್ಲಿ. ಆದ್ದರಿಂದ 'ಮೈನರು' ಎಂದಾಗ ಮಗನೊಬ್ಬನೇ ಕಣ್ಣಮುಂದೆ ಬರಬಾರದು.

ಮಗುವಿನ ಮೈ, ಮಗುವಿನ ಓದು

ಇಷ್ಟು ಹೊತ್ತು ಆಸ್ತಿಯ ಮಾತಾಯಿತು. ಆಸ್ತಿಯಿಲ್ಲದ ಮಗುವಿಗೂ ಗಾರ್ಡಿಯನ್ ಇರುತ್ತಾರೆ. ಊಟ, ಬಟ್ಟೆ, ಆರೋಗ್ಯ, ವಿದ್ಯೆ ಇವುಗಳನ್ನು ನೋಡಿಕೊಳ್ಳುವುದು ಅವರ ಹೊಣೆ ಎಂದು 1890ರ ಕಾಯಿದೆ ಸ್ಪಷ್ಟವಾಗಿ ಬರೆದಿದೆ. ಮಗು ಯಾರ ಬಳಿ ಇರಬೇಕೆಂಬ ಜಗಳ ಬಂದರೆ ನ್ಯಾಯಾಲಯ ನೋಡುವುದು ತಂದೆಯ ಹಕ್ಕನ್ನಲ್ಲ, ತಾಯಿಯ ಹಕ್ಕನ್ನೂ ಅಲ್ಲ. 1956ರ ಕಾಯಿದೆಯ ಹದಿಮೂರನೆಯ ಕಲಮಿನಂತೆ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ.

ಮದುವೆಯ ವಿಷಯದಲ್ಲಿ ಕಾನೂನು ಇನ್ನೂ ಗಟ್ಟಿ. ಮೈನರು ಹುಡುಗಿಯನ್ನು ಮದುವೆ ಮಾಡಿಕೊಡುವ ಅಧಿಕಾರ ಯಾವ ಗಾರ್ಡಿಯನ್ನಿಗೂ ಇಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ, 2017ರಿಂದ, ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅದನ್ನು ಮಾಡಿಸಿದ ತಂದೆ ತಾಯಿ, ಗಾರ್ಡಿಯನ್ ಶಿಕ್ಷೆಗೆ ಗುರಿಯಾಗುತ್ತಾರೆ. 'ತಂದೆಯಿಲ್ಲದ ಹುಡುಗಿ, ಬೇಗ ಒಂದು ಮನೆ ಸೇರಿಸಿದರೆ ನಮ್ಮ ಜವಾಬ್ದಾರಿ ಕಳೆಯಿತು' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಜವಾಬ್ದಾರಿ ಕಳೆಯುವುದು ಹಾಗಲ್ಲ. ಹುಡುಗಿಯನ್ನು ಹದಿನೆಂಟರವರೆಗೆ ಓದಿಸಿ, ಅವಳ ಪಾಲನ್ನು ಅವಳ ಕೈಗೆ ಕೊಟ್ಟಾಗ ಕಳೆಯುತ್ತದೆ.

ಲೆಕ್ಕದ ಪುಸ್ತಕ

ಕೊನೆಯ ಮಾತು ಲೆಕ್ಕದ್ದು. ನ್ಯಾಯಾಲಯ ನೇಮಿಸಿದ ಗಾರ್ಡಿಯನ್ನಿಗೆ, ನ್ಯಾಯಾಲಯ ಬಯಸಿದರೆ, ಆರು ತಿಂಗಳೊಳಗೆ ಮೈನರಿನ ಸ್ವತ್ತಿನ ಪಟ್ಟಿ ಸಲ್ಲಿಸುವ, ಕಾಲಕಾಲಕ್ಕೆ ಲೆಕ್ಕ ಒಪ್ಪಿಸುವ ಹೊಣೆ ಇದೆ. ದುರುಪಯೋಗ ಮಾಡಿದರೆ ತೆಗೆದುಹಾಕಬಹುದು. ಕಾಲ ಮುಗಿದಾಗ ಸ್ವತ್ತನ್ನೂ ಲೆಕ್ಕವನ್ನೂ ಒಪ್ಪಿಸಲೇಬೇಕು. ತಂದೆ ತಾಯಿಯರು ನ್ಯಾಯಾಲಯಕ್ಕೆ ಹೀಗೆ ವರ್ಷವರ್ಷ ಲೆಕ್ಕ ಕೊಡಬೇಕಾಗಿಲ್ಲ. ಆದರೂ ಒಂದು ನೂರು ಪುಟದ ನೋಟುಪುಸ್ತಕ ತಂದು ಇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೊದಲ ಪುಟದಲ್ಲಿ ಮಗುವಿಗೆ ಸೇರಿದ್ದೇನು ಎಂಬ ಪಟ್ಟಿ: ಇಷ್ಟು ಗುಂಟೆ, ಇಷ್ಟು ಕುರಿ, ವಿಮೆಯ ಇಷ್ಟು ಹಣ. ಮುಂದಿನ ಪುಟಗಳಲ್ಲಿ ಬಂದದ್ದು, ಹೋದದ್ದು. ಟಗರು ಮಾರಿದ ದಿನ, ಶಾಲೆಗೆ ಕಟ್ಟಿದ ದಿನ. ಮಗಳಿಗೆ ಹದಿನೆಂಟು ತುಂಬಿದ ದಿನ ಆ ಪುಸ್ತಕವನ್ನು ಅವಳ ಕೈಗೆ ಕೊಡಿ.

ಅದರಿಂದ ಕಾಯುವವರಿಗೇ ಹೆಚ್ಚು ರಕ್ಷಣೆ. ಪ್ರಾಮಾಣಿಕರಾದ ಎಷ್ಟೋ ದೊಡ್ಡಪ್ಪಂದಿರು, ಸೋದರಮಾವಂದಿರು ತಂದೆಯಿಲ್ಲದ ಮಕ್ಕಳನ್ನು ತಮ್ಮ ಮಕ್ಕಳಿಗಿಂತ ಹೆಚ್ಚಾಗಿ ಸಾಕಿ, ಕೊನೆಗೆ ಲೆಕ್ಕವಿಲ್ಲದ ಕಾರಣಕ್ಕೆ 'ನಮ್ಮ ಆಸ್ತಿ ತಿಂದರು' ಎಂಬ ಮಾತು ಕೇಳಬೇಕಾಗಿ ಬಂದಿದೆ. ಅವರು ಮೊದಲೇ ನ್ಯಾಯಾಲಯದ ಮೂಲಕ ನೇಮಕ ಪಡೆದು, ಲೆಕ್ಕ ಇಟ್ಟಿದ್ದರೆ, ಆ ಮಾತು ಬರುತ್ತಿರಲಿಲ್ಲ. ಬಂದರೂ ಉತ್ತರ ಕೈಯಲ್ಲಿರುತ್ತಿತ್ತು.

ಸಂಜೆ ಮಂದೆ ಹಟ್ಟಿಗೆ ಬಂದಾಗ ಕು​ರಿ ಕಾಯುವವನು ಎಣಿಸಿ ಒಳಗೆ ಬಿಡುತ್ತಾನೆ. ಒಡೆಯನಿಗೆ ಅವನ ಮೇಲೆ ನಂಬಿಕೆಯಿಲ್ಲ ಎಂದು ಎಣಿಸುವುದಲ್ಲ. ಎಣಿಸುವುದು ಕಾಯುವ ಕೆಲಸದಲ್ಲೇ ಸೇರಿದೆ. ಮಕ್ಕಳ ಸ್ವತ್ತನ್ನು ಕೈಯಲ್ಲಿಟ್ಟುಕೊಂಡವರೂ ಹಾಗೆ ಎಣಿಸಿ ಒಪ್ಪಿಸುವವರಾಗಲಿ.